ಮನೆಯ ಸರ್ವರ್‌ಗೆ ಹೊರಗಿನಿಂದ ದಾರಿ: ಯಾವುದು ಯಾರಿಗೆ ಸರಿ?

ಹಾಸನದ ನಮ್ಮ ಮನೆಯಲ್ಲಿ ಟಿವಿ ಸ್ಟ್ಯಾಂಡಿನ ಕೆಳಗೆ, ರೌಟರ್ ಪಕ್ಕದಲ್ಲಿ, ಊಟದ ಡಬ್ಬಿಯಷ್ಟು ದೊಡ್ಡ ಮಿನಿ ಪಿಸಿ ಒಂದು ಕೂತಿದೆ. ಅದೇ ನಮ್ಮ ಸರ್ವರ್. ಒಳಗೆ ಇಂಟೆಲ್ ಎನ್100 ಚಿಪ್, ಪಕ್ಕದಲ್ಲಿ 4 ಟಿಬಿಯ ಡಿಸ್ಕ್. 2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ನಲ್ಲಿ ಲೆಕ್ಕವಿಲ್ಲದೆ ಸಿಗುತ್ತಿದ್ದ ಉಚಿತ ಜಾಗ ನಿಂತಿತಲ್ಲ, ಆಗ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟು ಶುರು ಮಾಡಿದ್ದು. ಈಗ ಮನೆಯವರ ಫೋಟೋಗಳೆಲ್ಲ ಅದರಲ್ಲಿ ಓಡುವ ಇಮ್ಮಿಚ್ ಎಂಬ ಫೋಟೋ ಆ್ಯಪ್‌ಗೆ ಹೋಗುತ್ತವೆ. ಅಪ್ಪ ಕ್ಯಾಸೆಟ್‌ಗಳಿಂದ ಇಳಿಸಿಕೊಂಡ ಹಾಡುಗಳು ಜೆಲ್ಲಿಫಿನ್‌ನಲ್ಲಿವೆ. ಪಾಸ್‌ವರ್ಡ್‌ಗಳು ವಾಲ್ಟ್‌ವಾರ್ಡನ್‌ನಲ್ಲಿವೆ. ಅಪ್ಪ ಅಮ್ಮ ಮನೆಯಲ್ಲೇ ಇರುತ್ತಾರೆ. ನಾನು ಬೆಂಗಳೂರಿನಲ್ಲಿ, ಅಕ್ಕ ಶಾರ್ಜಾದಲ್ಲಿ.

ಮನೆಯೊಳಗೆ ಇದನ್ನೆಲ್ಲ ಓಡಿಸುವುದು ದೊಡ್ಡ ಕೆಲಸವೇನಲ್ಲ. ಇಂಥ ಆ್ಯಪ್‌ಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟ ಹಾಗೆ ಓಡಿಸುವ ಡಾಕರ್ ಗೊತ್ತಿದ್ದರೆ ಒಂದು ಭಾನುವಾರ ಸಾಕು. ಕಷ್ಟ ಶುರುವಾಗುವುದು ಹೊರಗಿನಿಂದ ಅದನ್ನು ಮುಟ್ಟಬೇಕು ಅಂದಾಗ. ರೌಟರ್‌ನಲ್ಲಿ ಪೋರ್ಟ್, ಅಂದರೆ ಹೊರಗಿನಿಂದ ಒಳಬರಲು ನಂಬರ್ ಇರುವ ಬಾಗಿಲು, ತೆರೆಯಬಹುದು. ನಾವೇ ವೈರ್‌ಗಾರ್ಡ್ ಎಂಬ ವಿಪಿಎನ್, ಅಂದರೆ ಕೀ ಇದ್ದವರಿಗಷ್ಟೇ ತೆರೆಯುವ ಖಾಸಗಿ ದಾರಿ, ಹಾಕಿಕೊಳ್ಳಬಹುದು. ಅದನ್ನೇ ಸುಲಭ ಮಾಡಿಕೊಡುವ ಟೈಲ್‌ಸ್ಕೇಲ್‌ನಂಥ ಸೇವೆ ಬಳಸಬಹುದು. ಮನೆಯ ಪುಟವನ್ನು ಕ್ಲೌಡ್‌ಫ್ಲೇರ್ ಕಂಪನಿಯ ಮೂಲಕ ಹೊರಗೆ ತೋರಿಸುವ ಕ್ಲೌಡ್‌ಫ್ಲೇರ್ ಟನಲ್ ಇದೆ. ಇಲ್ಲವೇ ಒಂದು ಚಿಕ್ಕ ವಿಪಿಎಸ್, ಅಂದರೆ ಡೇಟಾ ಸೆಂಟರ್‌ನಲ್ಲಿರುವ ಸರ್ವರ್, ಬಾಡಿಗೆಗೆ ತೆಗೆದುಕೊಳ್ಳಬಹುದು. ಈ ಐದನ್ನೂ ಇದೇ ಮನೆಯಲ್ಲಿ ಬಳಸಿ ನೋಡಿದ್ದೇನೆ.

ಯಾವುದು ಒಳ್ಳೇದು ಎಂದು ಕೇಳುವವರನ್ನು ನಾನು ಮೊದಲು ಕೇಳುವುದು ಇದು: ಒಳಗೆ ಬರಬೇಕಾದವರು ಯಾರು ಯಾರು? ಒಂದು ಹಾಳೆಯಲ್ಲಿ ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ ಅವರಿಗೆ ಏನು ಬೇಕು ಎಂದೂ ಬರೆಯಿರಿ. ನಮ್ಮ ಪಟ್ಟಿಯಲ್ಲಿ ಐದು ಜನ, ಎಂಟು ಸಾಧನ. ಐದು ಜನರಿಗೋಸ್ಕರ ಇಡೀ ಇಂಟರ್ನೆಟ್‌ಗೆ ಕಾಣುವ ಹಾಗೆ ಲಾಗಿನ್ ಪುಟ ತೆರೆದಿಡುವುದು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮುಂದಿನ ಹೋಲಿಕೆಯೆಲ್ಲ ಈ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಮಾಡಿದ್ದು.

ಮೊದಲು ರೌಟರ್ ನೋಡಿ

ಯಾವ ದಾರಿ ಹಿಡಿಯುವ ಮುಂಚೆಯೂ ಐದು ನಿಮಿಷದ ಒಂದು ಪರೀಕ್ಷೆ ಮಾಡಿ. ರೌಟರ್‌ನ ಅಡ್ಮಿನ್ ಪುಟದಲ್ಲಿ ವ್ಯಾನ್ ಐಪಿ, ಅಂದರೆ ಇಂಟರ್ನೆಟ್ ಕಂಪನಿ ನಿಮ್ಮ ರೌಟರ್‌ಗೆ ಕೊಟ್ಟ ವಿಳಾಸ, ಏನಿದೆ ನೋಡಿ. ಆಮೇಲೆ ಹೊರಗಿನವರಿಗೆ ಕಾಣುವ ನಿಮ್ಮ ಐಪಿ ಯಾವುದು ಎಂದು ಬ್ರೌಸರ್‌ನಲ್ಲಿ ಹುಡುಕಿ. ಎರಡೂ ಒಂದೇ ಆಗಿದ್ದರೆ ನಿಮಗೆ ಸ್ವಂತ ಪಬ್ಲಿಕ್ ಐಪಿ ಇದೆ. ರೌಟರ್‌ನಲ್ಲಿ ಇರುವುದು 100.64ರಿಂದ 100.127ರ ನಡುವಿನದಾಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ಒಂದೇ ಪಬ್ಲಿಕ್ ಐಪಿಯನ್ನು ಕಂಪನಿ ಹಲವು ಮನೆಗಳಿಗೆ ಹಂಚಿದೆ. ಇಡೀ ವಠಾರಕ್ಕೆ ಒಂದೇ ಡೋರ್ ನಂಬರ್ ಇದ್ದ ಹಾಗೆ. ಹೊರಗಿನಿಂದ ತಾನಾಗಿ ಬಂದ ಪ್ಯಾಕೆಟ್ ಯಾವ ಮನೆಗೆ ಸೇರಬೇಕು ಎಂದು ಅವರ ಉಪಕರಣಕ್ಕೆ ಗೊತ್ತಾಗುವುದಿಲ್ಲ. ಅಲ್ಲೇ ಬಿಸಾಡುತ್ತದೆ. ನಿಮ್ಮ ರೌಟರ್‌ನಲ್ಲಿ ಎಷ್ಟು ಪೋರ್ಟ್ ತೆರೆದರೂ ಪ್ರಯೋಜನವಿಲ್ಲ.

ವ್ಯಾನ್ ಐಪಿ 192.168 ಎಂದು ಶುರುವಾಗುತ್ತಿದ್ದರೆ ಬೇರೆ ವಿಷಯ. ಕಂಪನಿ ಕೊಟ್ಟ ಫೈಬರ್ ಪೆಟ್ಟಿಗೆಯೂ ನಿಮ್ಮ ರೌಟರ್ ಕೂಡ ನ್ಯಾಟ್ (ಒಂದೇ ವಿಳಾಸವನ್ನು ಹಲವು ಸಾಧನಗಳಿಗೆ ಹಂಚುವುದು) ಮಾಡುತ್ತಿವೆ. ಪೆಟ್ಟಿಗೆ ನ್ಯಾಟ್ ಮಾಡದ ಹಾಗೆ ಅದನ್ನು ಬ್ರಿಜ್ ಮೋಡ್‌ಗೆ ಹಾಕಿಸಿ ಮತ್ತೆ ನೋಡಿ.

ನಮ್ಮ ಮನೆಯಲ್ಲಿ ಎರಡು ವರ್ಷ ಪಬ್ಲಿಕ್ ಐಪಿ ಇತ್ತು. ವೈರ್‌ಗಾರ್ಡ್ ಚೆನ್ನಾಗಿ ಓಡುತ್ತಿತ್ತು. ಒಂದು ದಿನ ಬೆಳಿಗ್ಗೆ ನಿಂತೇ ಹೋಯಿತು. ಕೀ ಸರಿ ಇದೆ, ಪೋರ್ಟ್ ಸರಿ ಇದೆ, ಸರ್ವರ್ ಎದ್ದೇ ಇದೆ. ಅಪ್ಪನಿಗೆ ಫೋನ್ ಮಾಡಿ ರೌಟರ್ ಪುಟದ ಫೋಟೋ ಕಳಿಸಲು ಹೇಳಿದೆ. ವ್ಯಾನ್ ಐಪಿ ಆ 100.64ರಿಂದ 100.127ರ ನಡುವೆಯೇ ಇತ್ತು. ರಾತ್ರೋರಾತ್ರಿ, ಒಂದು ಮೆಸೇಜ್ ಕೂಡ ಇಲ್ಲದೆ, ನಮ್ಮ ಇಂಟರ್ನೆಟ್ ಕಂಪನಿ ನಮ್ಮನ್ನು ಸಿಜಿನ್ಯಾಟ್ ಹಿಂದೆ ಹಾಕಿತ್ತು. ದುಡ್ಡು ಕೊಟ್ಟರೆ ಸ್ಟ್ಯಾಟಿಕ್ (ಬದಲಾಗದ) ಐಪಿ ಕೊಡುವ ಕಂಪನಿಗಳಿವೆ, ಕೇಳಿ ನೋಡಿ. ಐಪಿ ವಿಳಾಸಗಳ ಹೊಸ ಪದ್ಧತಿಯಾದ ಐಪಿವಿ6 ಬಳಕೆಯಲ್ಲಿ ಮುಂದಿರುವ ದೇಶಗಳಲ್ಲಿ ಭಾರತವೂ ಒಂದು, ಅದರಲ್ಲಿ ಸಿಜಿನ್ಯಾಟ್ ತೊಂದರೆ ಇಲ್ಲ. ಆದರೆ ನೀವು ಕೂತಿರುವ ಕಡೆಯೂ ಐಪಿವಿ6 ಬೇಕು, ಮನೆಯ ರೌಟರ್‌ನ ಫೈರ್‌ವಾಲ್‌ನಲ್ಲೂ ಅದಕ್ಕೆ ಅನುಮತಿ ಕೊಡಲು ಬರಬೇಕು. ಅದೊಂದನ್ನೇ ನಂಬಿ ಕೂರುವುದು ಕಷ್ಟ.

ಪೋರ್ಟ್ ತೆರೆಯುವುದು

ಇದು ಎಲ್ಲಕ್ಕಿಂತ ಹಳೆಯ ದಾರಿ. ರೌಟರ್‌ನಲ್ಲಿ 443 ಪೋರ್ಟ್ ತೆರೆದು ಸರ್ವರ್ ಕಡೆ ತಿರುಗಿಸುತ್ತೀರಿ. ಅಲ್ಲಿ ಬಂದವರನ್ನು ಸರಿಯಾದ ಆ್ಯಪ್‌ಗೆ ಕಳಿಸುವ ಕ್ಯಾಡಿ ಅಥವಾ ಎಂಜಿನ್‌ಎಕ್ಸ್‌ನಂಥ ರಿವರ್ಸ್ ಪ್ರಾಕ್ಸಿ ಇರುತ್ತದೆ. ಸಂಪರ್ಕಕ್ಕೆ ಬೀಗ ಹಾಕಲು ಬೇಕಾದ ಸರ್ಟಿಫಿಕೇಟನ್ನು ಕ್ಯಾಡಿ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯಿಂದ ತಾನೇ ತರುತ್ತದೆ, ತಾನೇ ನವೀಕರಿಸುತ್ತದೆ. ಐಪಿ ಬದಲಾಗುತ್ತಿದ್ದರೆ ಒಂದೇ ಹೆಸರನ್ನು ಹೊಸ ಐಪಿಗೆ ತೋರಿಸುತ್ತಿರುವ ಡಕ್‌ಡಿಎನ್‌ಎಸ್ ಇದೆ. ಬಳಸುವವರಿಗೆ ಇದರಷ್ಟು ಸುಲಭ ಬೇರೆ ಇಲ್ಲ. ವಿಳಾಸ ಒತ್ತಿದರೆ ತೆರೆಯುತ್ತದೆ, ಯಾವ ಆ್ಯಪ್ ಬೇಡ. ನಡುವೆ ಮೂರನೆಯವರೂ ಇಲ್ಲ.

ಆದರೆ ತೆರೆದ ಪೋರ್ಟ್ ಸುಮ್ನೆ ಇರುವುದಿಲ್ಲ. 2021ರಲ್ಲಿ ಒಂದು ರಾತ್ರಿ ಪ್ರಯೋಗಕ್ಕೆಂದು 22ನೇ ಪೋರ್ಟ್, ಅಂದರೆ ದೂರದಿಂದ ಸರ್ವರ್‌ಗೆ ಕಮಾಂಡ್ ಕೊಡುವ ಎಸ್‌ಎಸ್‌ಎಚ್, ತೆರೆದು ಲಾಗ್ ನೋಡುತ್ತಾ ಕೂತೆ. ಕಾಫಿ ಮಾಡಿಕೊಂಡು ಬರುವಷ್ಟರಲ್ಲಿ ಸಾಲುಗಳು ಓಡಲು ಶುರುವಾಗಿದ್ದವು. ರೂಟ್, ಅಡ್ಮಿನ್, ಟೆಸ್ಟ್, ಉಬುಂಟು, ಪೈ. ಪೈ ಅನ್ನುವುದು ರಾಸ್‌ಬೆರಿ ಪೈ ಜೊತೆ ಬರುತ್ತಿದ್ದ ಹಳೆಯ ಬಳಕೆದಾರ ಹೆಸರು. ಅಷ್ಟು ಸಣ್ಣ ವಿಷಯವೂ ಅವರ ಪಟ್ಟಿಯಲ್ಲಿದೆ. ಇದನ್ನು ಮಾಡುವುದು ಯಾರೋ ನಮ್ಮನ್ನು ಗುರುತಿಟ್ಟುಕೊಂಡು ಕೂತ ಮನುಷ್ಯರಲ್ಲ. ಇಂಟರ್ನೆಟ್‌ನ ಎಲ್ಲ ಐಪಿಗಳನ್ನೂ ಹಗಲೂ ರಾತ್ರಿ ತಟ್ಟುತ್ತಾ ಹೋಗುವ ಬಾಟ್‌ಗಳು. ಪಾಸ್‌ವರ್ಡ್ ಲಾಗಿನ್ ಆಫ್ ಮಾಡಿ ಕೀ ಫೈಲ್ ಮಾತ್ರ ಇಟ್ಟಿದ್ದರಿಂದ ಏನೂ ಆಗಲಿಲ್ಲ.

ಪಾಸ್‌ವರ್ಡ್ ಊಹಿಸುವುದಾದರೆ ತಡೆಯಬಹುದು. ನಿಜವಾದ ಅಪಾಯ ಸಾಫ್ಟ್‌ವೇರ್‌ನ ತೂತುಗಳದ್ದು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ರ್‍ಯಾನ್ಸಮ್‌ವೇರ್ ಇಂಟರ್ನೆಟ್‌ಗೆ ತೆರೆದಿದ್ದ ಕ್ಯೂನ್ಯಾಪ್ ಕಂಪನಿಯ ನ್ಯಾಸ್‌ಗಳಿಗೆ (ಮನೆಯಲ್ಲಿಡುವ ಡಿಸ್ಕ್ ಪೆಟ್ಟಿಗೆಗಳಿಗೆ) ನುಗ್ಗಿ ಫೈಲುಗಳಿಗೆ ಬೀಗ ಹಾಕಿ, ತಲಾ 0.03 ಬಿಟ್‌ಕಾಯಿನ್ ಕೇಳಿತು. ಅದೇ ವರ್ಷ ಪಾಸ್‌ವರ್ಡ್ ಇಡುವ ಕಂಪನಿ ಲಾಸ್ಟ್‌ಪಾಸ್‌ಗೆ ಕಳ್ಳರು ಹೊಕ್ಕಿದ್ದೂ ಅದರ ಒಬ್ಬ ಎಂಜಿನಿಯರ್‌ನ ಮನೆಯ ಕಂಪ್ಯೂಟರ್ ಮೂಲಕ. ಅಲ್ಲಿ ಅಪ್‌ಡೇಟ್ ಮಾಡದ ಪ್ಲೆಕ್ಸ್ ಎಂಬ ಮೀಡಿಯಾ ಸರ್ವರ್ ಇತ್ತು, ಆ ತೂತಿಗೆ ತೇಪೆ 2020ರ ಮೇ ತಿಂಗಳಲ್ಲೇ ಬಂದಿತ್ತು. ಪೋರ್ಟ್ ತೆರೆದಿಟ್ಟರೆ ಅಪ್‌ಡೇಟ್ ಮಾಡುವುದು ನಾಳೆಗೆ ಹಾಕುವ ಕೆಲಸವಲ್ಲ. ವಾರಕ್ಕೊಮ್ಮೆ ಕೂತು ಮಾಡಲು ಆಗುತ್ತದೆ ಅನ್ನುವವರು ಮಾತ್ರ ಈ ದಾರಿಗೆ ಬನ್ನಿ.

ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಸರ್ಟಿಫಿಕೇಟ್ ಪಡೆದ ಪ್ರತಿ ಹೆಸರೂ ಸಾರ್ವಜನಿಕ ದಾಖಲೆಗೆ ಸೇರುತ್ತದೆ. ಪಾಸ್‌ವರ್ಡ್ ಸರ್ವರ್‌ಗೆ ಯಾರೂ ಊಹಿಸದ ಹೆಸರು ಇಟ್ಟಿದ್ದೇನೆ ಎಂದುಕೊಂಡಿದ್ದರೆ, ಆ ಹೆಸರು ಹೊರಗೆ ಸಿಗುತ್ತಿರುತ್ತದೆ. ಡಿಎನ್‌ಎಸ್ ಮೂಲಕ ಇಡೀ ಡೊಮೇನ್‌ಗೆ ಒಂದೇ ಆದ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ ತೆಗೆದುಕೊಂಡರೆ ಬಿಡಿ ಹೆಸರುಗಳು ಅಲ್ಲಿ ಬರುವುದಿಲ್ಲ.

ಸ್ವಂತ ವೈರ್‌ಗಾರ್ಡ್

ಪಬ್ಲಿಕ್ ಐಪಿ ಇದ್ದವರಿಗೆ ನನ್ನ ಮೊದಲ ಶಿಫಾರಸು ಇದೇ. ವೈರ್‌ಗಾರ್ಡ್ 2020ರ ಮಾರ್ಚ್‌ನಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ 5.6ರೊಳಗೇ ಸೇರಿಕೊಂಡಿತು. ಬೇರೆ ಹಳೆಯ ವಿಪಿಎನ್‌ಗಳಿಗೆ ಹೋಲಿಸಿದರೆ ಕೋಡ್ ತುಂಬ ಚಿಕ್ಕದು, ಸುಮಾರು 4000 ಸಾಲು. ಇಲ್ಲೂ ಒಂದು ಯುಡಿಪಿ ಪೋರ್ಟ್ ತೆರೆಯಬೇಕು, ಸಾಮಾನ್ಯವಾಗಿ 51820. ಹಾಗಾದರೆ ಮೊದಲನೆಯದಕ್ಕೂ ಇದಕ್ಕೂ ಏನು ವ್ಯತ್ಯಾಸ? ಸರಿಯಾದ ಕೀ ಇಲ್ಲದವರಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ. ತಟ್ಟುವ ಬಾಟ್‌ಗೆ ಅಲ್ಲಿ ಏನೋ ಇದೆ ಎಂದೇ ತಿಳಿಯುವುದಿಲ್ಲ. ಇಮ್ಮಿಚ್‌ನಲ್ಲಿ ನಾಳೆ ತೂತು ಸಿಕ್ಕರೂ ಹೊರಗಿನವರು ಅದರ ಹತ್ತಿರ ಬರುವುದೇ ಸಾಧ್ಯವಿಲ್ಲ.

ಕಷ್ಟ ಇರುವುದು ದಿನನಿತ್ಯದ ನಿರ್ವಹಣೆಯಲ್ಲಿ. ಪ್ರತಿ ಫೋನಿಗೆ ಒಂದು ಕೀ ಜೋಡಿ, ಒಂದು ಒಳ ಐಪಿ, ಎರಡೂ ಕಡೆ ಬರೆಯಬೇಕು. ಐದಾರು ಸಾಧನದವರೆಗೆ ಪರವಾಗಿಲ್ಲ. ಎರಡು ತೊಡಕು ಮುಂಚೆಯೇ ಹೇಳಿಬಿಡುತ್ತೇನೆ. ಒಂದು, ಮನೆಯ ನೆಟ್‌ವರ್ಕ್ 192.168.1 ಆಗಿದ್ದು, ನೀವು ಹೋದ ನೆಂಟರ ಮನೆಯ ವೈಫೈ ಕೂಡ ಅದೇ ಆಗಿದ್ದರೆ ಫೋನಿಗೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಮನೆಯದನ್ನು ಇವತ್ತೇ 192.168.47ರಂಥ ಅಪರೂಪದ ಸಂಖ್ಯೆಗೆ ಬದಲಿಸಿ. ಎರಡು, ವಿಪಿಎನ್ ಸೇರಿಕೊಳ್ಳುತ್ತದೆ, ಚಿಕ್ಕ ಪುಟ ತೆರೆಯುತ್ತದೆ, ಫೋಟೋಗಳು ಅರ್ಧಕ್ಕೆ ನಿಲ್ಲುತ್ತವೆ ಅಂತಾದರೆ ಅದು ಹೆಚ್ಚಾಗಿ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರದ, ತೊಂದರೆ. 1420 ಇರುವುದನ್ನು 1280ಕ್ಕೆ ಇಳಿಸಿ ನೋಡಿ. ನಾನು ಇದಕ್ಕೆ ಒಂದು ಇಡೀ ಶನಿವಾರ ಕೊಟ್ಟಿದ್ದೇನೆ.

ಟೈಲ್‌ಸ್ಕೇಲ್

ಸಿಜಿನ್ಯಾಟ್ ಆದ ಮೇಲೆ ನಾನು ಹೋಗಿದ್ದು ಇಲ್ಲಿಗೆ. ಒಳಗಿರುವುದು ಅದೇ ವೈರ್‌ಗಾರ್ಡ್. ಕೀ ಹಂಚುವ, ದಾರಿ ಹುಡುಕುವ ಕೆಲಸವನ್ನು ಕಂಪನಿಯ ಸರ್ವರ್ ಮಾಡುತ್ತದೆ. ಒಂದು ಪೋರ್ಟ್ ಕೂಡ ತೆರೆಯಬೇಕಿಲ್ಲ.

ಸಿಜಿನ್ಯಾಟ್ ದಾಟುವುದು ಹೇಗೆ ಎಂದು ನನಗೂ ಮೊದಲು ಅಚ್ಚರಿಯಾಗಿತ್ತು. ಒಳಗಿನಿಂದ ಹೊರಗೆ ಹೋದ ಪ್ಯಾಕೆಟ್‌ಗೆ ಬರುವ ಉತ್ತರವನ್ನು ಯಾವ ನ್ಯಾಟ್ ಕೂಡ ಒಳಗೆ ಬಿಡಲೇಬೇಕು, ಇಲ್ಲದಿದ್ದರೆ ಯಾರ ಮನೆಯಲ್ಲೂ ವೆಬ್ ಪುಟ ತೆರೆಯುವುದಿಲ್ಲ. ಹಾಗಾಗಿ ನನ್ನ ಫೋನ್ ಮತ್ತು ಹಾಸನದ ಸರ್ವರ್ ಒಂದೇ ಹೊತ್ತಿಗೆ ಒಂದರ ಕಡೆ ಒಂದು ಪ್ಯಾಕೆಟ್ ಕಳಿಸುತ್ತವೆ. ಎರಡೂ ಕಡೆಯ ನ್ಯಾಟ್‌ಗೆ ಇದು ತಮ್ಮವರು ಕೇಳಿದ್ದಕ್ಕೆ ಬಂದ ಉತ್ತರದ ಹಾಗೆ ಕಾಣುತ್ತದೆ. ದಾರಿ ತೆರೆದುಕೊಳ್ಳುತ್ತದೆ. ಯಾವ ಐಪಿ, ಯಾವ ಪೋರ್ಟ್ ಎಂದು ಇಬ್ಬರಿಗೂ ತಿಳಿಸುವುದು ಮಾತ್ರ ಮಧ್ಯದವರ ಕೆಲಸ. ಇದೂ ಆಗದಿದ್ದರೆ ಅವರ ರಿಲೇ, ಅಂದರೆ ನಡುವೆ ದಾಟಿಸುವ ಸರ್ವರ್, ಮೂಲಕ ಹೋಗುತ್ತದೆ, ಬೆಂಗಳೂರಿನಲ್ಲೂ ಒಂದು ರಿಲೇ ಇದೆ. ರಿಲೇಯಲ್ಲಿ ಹೋದರೂ ಒಳಗಿನದನ್ನು ಅವರು ಓದಲು ಆಗುವುದಿಲ್ಲ, ಆದರೆ ನಿಧಾನ. ಟೈಲ್‌ಸ್ಕೇಲ್ ಸ್ಟೇಟಸ್ ಕಮಾಂಡ್ ಕೊಟ್ಟರೆ ನೇರವಾಗಿ ಹೋಗುತ್ತಿದೆಯೋ ರಿಲೇಯೋ ತೋರಿಸುತ್ತದೆ.

ಅಮ್ಮನ ಫೋನಿಗೆ ಇದನ್ನು ಹಾಕಿದ್ದು ಒಂದು ಸಲ, ಮೂರು ನಿಮಿಷ. ಮದುವೆಗೆಂದು ಧರ್ಮಸ್ಥಳಕ್ಕೆ ಹೋದಾಗಲೂ ಅವರ ಫೋಟೋಗಳು ಮನೆಗೆ ಹೋಗುತ್ತಿದ್ದವು. ಅಮ್ಮನಿಗೆ ವಿಪಿಎನ್ ಅಂದರೆ ಏನೆಂದು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಆಂಡ್ರಾಯ್ಡ್ ಟಿವಿಗೂ ಆ್ಯಪ್ ಇದೆ.

ಕೊರತೆಗಳೂ ಇವೆ. ಫೋನಿನಲ್ಲಿ ಒಂದು ಹೊತ್ತಿಗೆ ಒಂದೇ ವಿಪಿಎನ್ ಓಡುತ್ತದೆ, ಆಫೀಸಿನ ವಿಪಿಎನ್ ಹಾಕಿದರೆ ಇದು ನಿಲ್ಲುತ್ತದೆ. ಲಾಗಿನ್ ಆಗುವುದು ಗೂಗಲ್ ಅಥವಾ ಮೈಕ್ರೋಸಾಫ್ಟ್‌ನಂಥ ಖಾತೆಯಿಂದ, ಹಾಗಾಗಿ ಆ ಖಾತೆ ಕೈತಪ್ಪಿದರೆ ಮನೆಯೂ ತೆರೆದುಕೊಳ್ಳುತ್ತದೆ. ಅದಕ್ಕೆ ಎರಡನೇ ಹಂತದ ಲಾಗಿನ್ ಹಾಕದೆ ಮುಂದೆ ಹೋಗಬೇಡಿ. ಸಾಧನದ ಕೀ ತಾನಾಗಿ 180 ದಿನಕ್ಕೆ ಮುಗಿಯುತ್ತದೆ. ಸರ್ವರ್ ಬೇರೆ ಊರಿನಲ್ಲಿದ್ದರೆ ಅದೊಂದಕ್ಕೆ ಮಾತ್ರ ಈ ಗಡುವನ್ನು ಆಫ್ ಮಾಡಿ, ಇಲ್ಲವಾದರೆ ಆರು ತಿಂಗಳಾದ ಮೇಲೆ ಊರಿಗೆ ಬಸ್ ಹತ್ತಬೇಕಾಗುತ್ತದೆ. ಕಂಪನಿಯ ಸರ್ವರ್ ಮೇಲೆ ನಂಬಿಕೆ ಇಡುವುದು ಇಷ್ಟವಿಲ್ಲದವರಿಗೆ ಹೆಡ್‌ಸ್ಕೇಲ್ ಇದೆ, ಅದೇ ಕೆಲಸವನ್ನು ನಿಮ್ಮದೇ ಯಂತ್ರದಲ್ಲಿ ಮಾಡುತ್ತದೆ. ಆದರೆ ಅದನ್ನು ಇಡಲು ಪಬ್ಲಿಕ್ ಐಪಿ ಬೇಕು.

ಕ್ಲೌಡ್‌ಫ್ಲೇರ್ ಟನಲ್

ಅಪ್ಪನ ಹವ್ಯಾಸಿ ನಾಟಕ ತಂಡಕ್ಕೆ ಒಂದು ಪುಟ ಮಾಡಿಕೊಟ್ಟಿದ್ದೇನೆ. ಅದನ್ನು ಯಾರು ಬೇಕಾದರೂ ನೋಡಬೇಕು. ಇಂಥದ್ದಕ್ಕೆ ಟನಲ್ ಬಹಳ ಚೆಂದ. ಮನೆಯಿಂದಲೇ ಹೊರಗೆ ಸಂಪರ್ಕ ಹೊರಡುವುದರಿಂದ ಸಿಜಿನ್ಯಾಟ್ ಅಡ್ಡಿಯಿಲ್ಲ. ಮನೆಯ ಐಪಿ ಯಾರಿಗೂ ಕಾಣುವುದಿಲ್ಲ. 2021ರಿಂದ ಉಚಿತ. ಸ್ವಂತ ಡೊಮೇನ್ ಒಂದು ಇದ್ದರೆ ಸಾಕು.

ಫೋಟೋಗಳಿಗೆ ಮಾತ್ರ ನಾನು ಇದನ್ನು ಬಳಸುವುದಿಲ್ಲ. ಎನ್‌ಕ್ರಿಪ್ಶನ್ ಕ್ಲೌಡ್‌ಫ್ಲೇರ್‌ನಲ್ಲಿ ಬಿಚ್ಚಿಕೊಳ್ಳುತ್ತದೆ, ಅಲ್ಲಿಂದ ಮತ್ತೆ ಸುತ್ತಿ ಮನೆಗೆ ಬರುತ್ತದೆ. ಅಂದರೆ ಮಧ್ಯದವರಿಗೆ ಎಲ್ಲವೂ ಕಾಣುವ ವ್ಯವಸ್ಥೆ ಅದು. ದೊಡ್ಡ ಕಂಪನಿಗಳಿಂದ ಫೋಟೋ ಹೊರಗೆ ತರಬೇಕೆಂದೇ ಅಲ್ವಾ ಇಷ್ಟೆಲ್ಲ ಮಾಡಿದ್ದು? ಉಚಿತ ಯೋಜನೆಯಲ್ಲಿ ಒಂದು ಸಲಕ್ಕೆ ಕಳಿಸಲು 100 ಎಂಬಿಯ ಮಿತಿಯೂ ಇದೆ. ಫೋನಿನ 4ಕೆ ವಿಡಿಯೊ ಒಂದೇ ನಿಮಿಷಕ್ಕೆ ಅದನ್ನು ದಾಟುತ್ತದೆ. 2025ರ ನವೆಂಬರ್ 18ರಂದು ಕ್ಲೌಡ್‌ಫ್ಲೇರ್ ಹಲವು ಗಂಟೆ ತೊಂದರೆಯಲ್ಲಿತ್ತು. ಅಂಥ ದಿನ ಮನೆಯ ಪೆಟ್ಟಿಗೆ ಸರಿಯಾಗಿದ್ದರೂ ಹೊರಗಿನಿಂದ ಸಿಗುವುದಿಲ್ಲ.

ಟನಲ್ ಹಾಕಿದೆ ಅಂದರೆ ಭದ್ರ ಎಂದು ತುಂಬ ಜನ ತಿಳಿದುಕೊಂಡಿದ್ದಾರೆ. ಅದು ತಪ್ಪು. ಪೋರ್ಟ್ ತೆರೆದಿಲ್ಲ ನಿಜ, ಆದರೆ ವಿಳಾಸ ಗೊತ್ತಿದ್ದ ಯಾರಿಗಾದರೂ ನಿಮ್ಮ ಲಾಗಿನ್ ಪುಟ ಸಿಗುತ್ತದೆ. ಮುಂದೆ ಕ್ಲೌಡ್‌ಫ್ಲೇರ್ ಆ್ಯಕ್ಸೆಸ್ ಹಾಕಿ, ಗೊತ್ತಿರುವ ಇಮೇಲ್‌ಗಳಿಗೆ ಮಾತ್ರ ಬಿಡಿ. ಹಾಗೆ ಮಾಡಿದಾಗ ಬ್ರೌಸರ್‌ನಲ್ಲಿ ಕೆಲಸ ಮಾಡಿದ್ದು ಮೊಬೈಲ್ ಆ್ಯಪ್‌ನಲ್ಲಿ ನಿಲ್ಲಬಹುದು, ಏಕೆಂದರೆ ಆ್ಯಪ್‌ಗೆ ಆ ಮಧ್ಯದ ಲಾಗಿನ್ ಪುಟ ದಾಟಲು ಬರುವುದಿಲ್ಲ.

ಅಕ್ಕನಿಗೋಸ್ಕರ ವಿಪಿಎಸ್

ಅಕ್ಕನ ವಿಷಯ ಬೇರೆ. ಯುಎಇಯಲ್ಲಿ ವಿಪಿಎನ್ ಬಳಕೆಯ ಮೇಲೆ ಕಾನೂನಿನ ಕಟ್ಟುಪಾಡುಗಳಿವೆ. ಕೊಲ್ಲಿ ದೇಶಗಳಲ್ಲಿರುವವರಿಗೆ ವಿಪಿಎನ್ ಹಾಕಿಕೊಡುವ ಮುಂಚೆ ಅಲ್ಲಿನ ನಿಯಮ ತಿಳಿದುಕೊಳ್ಳಿ, ಅವರನ್ನು ತೊಂದರೆಗೆ ಸಿಕ್ಕಿಸಬೇಡಿ. ಅವಳಿಗೆ ಬೇಕಾಗಿರುವುದು ಇಮ್ಮಿಚ್ ಒಂದೇ, ಅಮ್ಮ ಹಾಕುವ ಫೋಟೋ ನೋಡಲು. ಹಾಗಾಗಿ ಒಂದು ಚಿಕ್ಕ ವಿಪಿಎಸ್ ತೆಗೆದುಕೊಂಡೆ. ಬೆಂಗಳೂರಿನಲ್ಲೇ ಡೇಟಾ ಸೆಂಟರ್ ಇರುವ ಕಂಪನಿಗಳಿವೆ. ಮನೆಯಿಂದ ವಿಪಿಎಸ್‌ಗೆ ವೈರ್‌ಗಾರ್ಡ್, ವಿಪಿಎಸ್‌ನ 443 ಪೋರ್ಟ್‌ಗೆ ಬಂದದ್ದನ್ನು ಬಿಚ್ಚದೆ ಹಾಗೇ ಮನೆಗೆ ಕಳಿಸುವುದು. ಸರ್ಟಿಫಿಕೇಟ್ ಮನೆಯ ಕ್ಯಾಡಿಯಲ್ಲಿದೆ, ವಿಪಿಎಸ್ ಕಂಪನಿಗೆ ಫೋಟೋ ಕಾಣುವುದಿಲ್ಲ. ಅಕ್ಕನಿಗೆ ಇದು ಎಲ್ಲರ ಹಾಗೆ ಒಂದು ಸಾಧಾರಣ ವೆಬ್ ವಿಳಾಸ.

ಹೀಗೆ ಮಾಡುವವರು ಬಂದವರ ನಿಜವಾದ ಐಪಿಯನ್ನು ಮನೆಗೆ ತಿಳಿಸುವ ಪ್ರಾಕ್ಸಿ ಪ್ರೋಟೊಕಾಲ್ ಹಾಕಿಕೊಳ್ಳಲೇಬೇಕು. ಇಲ್ಲದಿದ್ದರೆ ಮನೆಯ ಸರ್ವರ್‌ಗೆ ಎಲ್ಲರೂ ವಿಪಿಎಸ್‌ನ ಐಪಿಯಿಂದಲೇ ಬಂದ ಹಾಗೆ ಕಾಣುತ್ತದೆ. ಯಾವುದೋ ಬಾಟ್ ಐದು ಸಲ ತಪ್ಪು ಪಾಸ್‌ವರ್ಡ್ ಹಾಕಿದರೆ ಅಂಥ ಐಪಿಗಳನ್ನು ತಡೆಯುವ ಫೇಲ್‌2ಬ್ಯಾನ್ ಪ್ರೋಗ್ರಾಂ ವಿಪಿಎಸ್ಸನ್ನೇ ತಡೆದುಬಿಡುತ್ತದೆ, ಅದರ ಜೊತೆಗೆ ಅಕ್ಕನೂ ಹೊರಗೆ. ಇದು ಪೋರ್ಟ್ ತೆರೆಯುವ ದಾರಿಯದೇ ಇನ್ನೊಂದು ರೂಪ, ಹಾಗಾಗಿ ವಾರದ ಅಪ್‌ಡೇಟ್ ಕೆಲಸವೂ ಬಂತು, ತಿಂಗಳ ಬಾಡಿಗೆಯೂ ಬಂತು, ನೋಡಿಕೊಳ್ಳಲು ಇನ್ನೊಂದು ಲಿನಕ್ಸ್ ಯಂತ್ರವೂ ಬಂತು. ನಿಜವಾಗಿ ಅಗತ್ಯವಿದ್ದರೆ ಮಾತ್ರ ಮಾಡಿ.

ಹಾಗಾದರೆ ನೀವು?

ಮನೆಯವರಷ್ಟೇ ಬಳಸುವುದು, ಸಿಜಿನ್ಯಾಟ್ ಇದೆ ಅಥವಾ ಅದರ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ ಅಂದರೆ ಟೈಲ್‌ಸ್ಕೇಲ್. ಹತ್ತು ಜನರಲ್ಲಿ ಎಂಟು ಜನಕ್ಕೆ ನಾನು ಇದನ್ನೇ ಹೇಳುತ್ತೇನೆ. ಪಬ್ಲಿಕ್ ಐಪಿ ಇದೆ, ಕಲಿಯುವ ಆಸೆ ಇದೆ, ಯಾವ ಕಂಪನಿಯೂ ನಡುವೆ ಬೇಡ ಅನ್ನುವವರಿಗೆ ವೈರ್‌ಗಾರ್ಡ್. ಎಲ್ಲರೂ ನೋಡಬೇಕಾದ ಪುಟಕ್ಕೆ ಟನಲ್. ವಿಪಿಎನ್ ಹಾಕಿಕೊಳ್ಳಲು ಆಗದ ಒಬ್ಬಿಬ್ಬರಿಗೆ ಖಾಸಗಿ ವಿಷಯ ತೋರಿಸಬೇಕಾದರೆ ವಿಪಿಎಸ್. ನೇರವಾಗಿ ಪೋರ್ಟ್ ತೆರೆಯುವುದನ್ನು ನಾನು ಯಾರಿಗೂ ಮೊದಲ ಹೆಜ್ಜೆಯಾಗಿ ಹೇಳುವುದಿಲ್ಲ. ಒಂದೇ ಮನೆಯಲ್ಲಿ ಎರಡು ಮೂರು ದಾರಿ ಒಟ್ಟಿಗೆ ಇರಬಹುದು, ನಮ್ಮಲ್ಲಿ ಹಾಗೇ ಇದೆ. ಪಾಸ್‌ವರ್ಡ್ ಸರ್ವರ್ ಮತ್ತು ಎಸ್‌ಎಸ್‌ಎಚ್ ಮಾತ್ರ ಯಾವ ಕಾರಣಕ್ಕೂ ವಿಪಿಎನ್ ಆಚೆ ಬರಬಾರದು.

ಯಾವುದನ್ನು ಆರಿಸಿದರೂ ಕೆಲವು ಕೆಲಸ ತಪ್ಪುವುದಿಲ್ಲ. ರೌಟರ್‌ನಲ್ಲಿ ಸಾಧನಗಳಿಗೆ ತಾವೇ ಪೋರ್ಟ್ ತೆರೆಯಲು ಬಿಡುವ ಯುಪಿಎನ್‌ಪಿ ಆಫ್ ಮಾಡಿ, ಇಲ್ಲವಾದರೆ ಮನೆಯ ಕ್ಯಾಮೆರಾ ನಿಮ್ಮನ್ನು ಕೇಳದೆ ಪೋರ್ಟ್ ತೆರೆದುಕೊಳ್ಳಬಹುದು. ಡಾಕರ್‌ನಲ್ಲಿ ಒಂದು ಮೋಸ ಇದೆ: ಅದರ ಸೆಟಿಂಗ್ ಬರೆಯುವ ಕಂಪೋಸ್ ಫೈಲಿನಲ್ಲಿ ಹಾಕಿದ ಪೋರ್ಟ್ ಲಿನಕ್ಸ್‌ನ ಯುಎಫ್‌ಡಬ್ಲ್ಯೂ ಫೈರ್‌ವಾಲ್ ದಾಟಿ ತೆರೆದುಕೊಳ್ಳುತ್ತದೆ. ವಿಪಿಎಸ್‌ನಲ್ಲಿ ಇದು ತುಂಬ ಅಪಾಯ. ಇಮ್ಮಿಚ್‌ನ ಪೋರ್ಟನ್ನು 2283:2283 ಎಂದು ಬರೆಯುವ ಬದಲು 127.0.0.1:2283:2283 ಎಂದು ಬರೆದರೆ ಆ ಯಂತ್ರದೊಳಗೆ ಮಾತ್ರ ಸಿಗುತ್ತದೆ. ಬ್ಯಾಕಪ್ ಮೂರು ಪ್ರತಿ ಇರಲಿ, ಒಂದು ಪ್ರತಿ ಬೇರೆ ಊರಿನಲ್ಲಿರಲಿ. ನಮ್ಮದು ಬೆಂಗಳೂರಿನ ನನ್ನ ರೂಮಿನ ಡಿಸ್ಕ್‌ಗೆ ರಾತ್ರಿ ಹೋಗುತ್ತದೆ.

ಕರೆಂಟ್ ಹೋಗುವ ಊರುಗಳಲ್ಲಿ ಇನ್ನೆರಡು ವಿಷಯ. ಮಿನಿ ಪಿಸಿಯ ಬಯೋಸ್‌ನಲ್ಲಿ (ಆನ್ ಆಗುವಾಗ ಸಿಗುವ ಸೆಟಿಂಗ್ ಪುಟದಲ್ಲಿ) ಕರೆಂಟ್ ಬಂದ ಕೂಡಲೇ ತಾನಾಗಿ ಆನ್ ಆಗುವ ಆಯ್ಕೆ ಇರುತ್ತದೆ, ಹಾಕಿಬಿಡಿ. ರೌಟರ್‌ಗೂ ಫೈಬರ್ ಪೆಟ್ಟಿಗೆಗೂ 12 ವೋಲ್ಟ್‌ನ ಚಿಕ್ಕ ಯುಪಿಎಸ್ ಸಿಗುತ್ತದೆ. ಅದು ಬಂದ ಮೇಲೆ ಮಳೆಗಾಲದಲ್ಲಿ ನಾನು ಅಪ್ಪನಿಗೆ ಫೋನ್ ಮಾಡಿ ಸ್ವಿಚ್ ಹಾಕಿಸುವುದು ನಿಂತಿದೆ.

ಎಲ್ಲ ಹಾಕಿ ಮುಗಿದ ಮೇಲೆ ಮನೆಯ ವೈಫೈನಲ್ಲಿ ಕೂತು ಪರೀಕ್ಷೆ ಮಾಡಬೇಡಿ, ಅಲ್ಲಿ ಎಲ್ಲವೂ ಸರಿಯಾಗೇ ಕಾಣುತ್ತದೆ. ಫೋನಿನ ವೈಫೈ ಆಫ್ ಮಾಡಿ ಮೊಬೈಲ್ ಡೇಟಾಗೆ ಬನ್ನಿ. ವಿಪಿಎನ್ ಹಾಕಿ ಇಮ್ಮಿಚ್ ತೆರೆಯಿರಿ, ತೆರೆಯಬೇಕು. ವಿಪಿಎನ್ ಆಫ್ ಮಾಡಿ ಮತ್ತೆ ತೆರೆಯಿರಿ, ತೆರೆಯಬಾರದು. ಆಮೇಲೆ ಲ್ಯಾಪ್‌ಟಾಪನ್ನು ಅದೇ ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸಿ ಮನೆಯ ಪಬ್ಲಿಕ್ ಐಪಿ ಮೇಲೆ ತೆರೆದ ಪೋರ್ಟ್‌ಗಳನ್ನು ಹುಡುಕಿ ಪಟ್ಟಿ ಕೊಡುವ ಎನ್‌ಮ್ಯಾಪ್ ಓಡಿಸಿ. ಸಿಜಿನ್ಯಾಟ್ ಇದ್ದರೆ ಆ ಐಪಿ ನಿಮ್ಮೊಬ್ಬರದಲ್ಲ, ಆಗ ವಿಪಿಎಸ್‌ನ ಐಪಿ ಮೇಲೆ ಮಾತ್ರ ಓಡಿಸಿ. ಪಟ್ಟಿಯಲ್ಲಿ ನೀವೇ ತೆರೆದ ಪೋರ್ಟ್ ಬಿಟ್ಟು ಬೇರೆ ಯಾವುದಾದರೂ ಕಂಡರೆ, ಅದನ್ನು ತೆರೆದವರು ಯಾರೆಂದು ಗೊತ್ತಾಗುವವರೆಗೆ ಆ ರಾತ್ರಿ ಸರ್ವರ್ ಆಫ್ ಮಾಡಿಡಿ.